ಪುಕ್ಕಲರ ಬಂದರಿನಲ್ಲಿ ಹಬ್ಬ

'ನೀನು ಯಾವತ್ತು ಸಾಕು ಅಂತೀಯೋ, ಅದರ ಮಾರನೇ ಬೆಳಿಗ್ಗೆ ದೋಣೀನ ಮಾರಾಟಕ್ಕಿಡ್ತೀನಿ. ಯಾಕೆ ಅಂತ ಕೂಡ ಕೇಳಲ್ಲ' ಎಂದು ಏಳು ವರ್ಷಗಳ ಹಿಂದೆ ಒಹಾಯೋದ ತಮ್ಮ ಅಡುಗೆಮನೆಯಲ್ಲಿ, ಅಂಗಳದ ಹಿಮ ಗೋರಿ ಬಂದ ಬೂಟುಗಳನ್ನೂ ಬಿಚ್ಚದೆ, ವೆಂಡೆಲ್ ತನ್ನ ಹೆಂಡತಿಗೆ ಮಾತು ಕೊಟ್ಟಿದ್ದ. ಕೊಡುವಾಗ ಅದು ಎಷ್ಟು ಹಗುರವಾಗಿತ್ತೆಂದರೆ ಜೊತೆಗೆ ಇನ್ನೂ ಒಂದೆರಡು ಮಾತು ಕೊಟ್ಟುಬಿಡಬಹುದಿತ್ತು ಅನ್ನಿಸಿತ್ತು. ಮಾರ್ಲಿಸ್ ಒರೆಸಿಟ್ಟಿದ್ದ ತಟ್ಟೆಯನ್ನೇ ಮತ್ತೊಮ್ಮೆ ಕೈಗೆತ್ತಿಕೊಂಡು ಒರೆಸಿ 'ಸರಿ' ಎಂದಿದ್ದಳು. ಆ ಒಂದು 'ಸರಿ'ಯ ಮೇಲೆ ಮನೆಯನ್ನು ಬಾಡಿಗೆಗೆ ಕೊಟ್ಟು, ಶಾಲೆಯ ಕೆಲಸಕ್ಕೆ ನಮಸ್ಕಾರ ಹೊಡೆದು, ಮೂವತ್ತೆಂಟು ಅಡಿಯ ಹಾಯಿದೋಣಿಯೊಳಗೆ ಇಬ್ಬರೂ ಬಂದು ಸೇರಿದ್ದರು. ಅಂದಿನಿಂದ ವೆಂಡೆಲ್‌ಗೆ ಒಂದೇ ಭಯ. ನೀರಿನ ಮೇಲಿರುವವರು ಬಿರುಗಾಳಿಗೆ ಹೆದರುತ್ತಾರೆ, ಹವಳದ ಬಂಡೆಗೆ ಹೆದರುತ್ತಾರೆ. ಅವನು ಹೆಂಡತಿಯ ಬಾಯಿಗೆ ಹೆದರುತ್ತಿದ್ದ. ಅವಳು ಕಾಫಿಯ ಬಟ್ಟಲನ್ನು ಕೊಂಚ ಗಟ್ಟಿಯಾಗಿ ಇಟ್ಟರೆ ಅವನ ಎದೆ ಝಲ್ ಎನ್ನುತ್ತಿತ್ತು. 'ವೆಂಡೆಲ್, ಒಂದ್ನಿಮಿಷ' ಎಂದರೆ ಅವನಿಗೆ ಆ ಕ್ಷಣವೇ ದೋಣಿಯ ತಳದಲ್ಲಿ ನೀರು ಸೋರುವ ಯಾವುದೋ ಕೊಳವೆಯ ನೆನಪಾಗಿ, ಹಲಗೆ ಎತ್ತಿ ತಲೆಕೆಳಗಾಗಿ ಇಳಿದುಬಿಡುತ್ತಿದ್ದ. ತಲೆಕೆಳಗಾಗಿರುವ ಗಂಡನಿಗೆ ಯಾವ ಹೆಂಗಸೂ ಮುಖ್ಯವಾದ ಮಾತು ಹೇಳುವುದಿಲ್ಲ ಎಂಬುದನ್ನು ಏಳು ವರ್ಷಗಳಲ್ಲಿ ಅವನು ಚೆನ್ನಾಗಿ ಕಲಿತಿದ್ದ.

ಹಬ್ಬದ ದಿನಗಳಂತೂ ಅಪಾಯದ ದಿನಗಳು. ಇವತ್ತು ನವೆಂಬರಿನ ಆ ಗುರುವಾರ, ಮನೆಮಂದಿಯೆಲ್ಲ ಸೇರಿ ಉಣ್ಣುವ ಕೃತಜ್ಞತೆಯ ಹಬ್ಬ, ಥ್ಯಾಂಕ್ಸ್‌ಗಿವಿಂಗ್. ನೀರಿನ ಮೇಲೆ ಇದು ಅವರ ಏಳನೆಯದು. ಮೊದಲನೆಯ ವರ್ಷ ಮಾರ್ಲಿಸ್ ಹಬ್ಬದ ಸಿಹಿಗೆಂದು ತಂದ ಡಬ್ಬಿಯ ಕುಂಬಳಕಾಯಿಯ ಮುಚ್ಚಳ ತೆಗೆದು, ಅದರೊಳಗೆ ನೋಡುತ್ತಾ ಎಷ್ಟು ಹೊತ್ತು ನಿಂತಿದ್ದಳೆಂದರೆ, ಅದರಲ್ಲಿ ಏನೋ ಬಿದ್ದಿದೆಯೆಂದು ಇವನೂ ಬಂದು ಬಗ್ಗಿ ನೋಡಿದ್ದ. ಮೂರನೆಯ ವರ್ಷ ಮಗಳು ಕೊರಿನ್ ಫೋನಿನ ಪುಟ್ಟ ಪರದೆಯಲ್ಲಿ ಹಸುಗೂಸನ್ನು ಎತ್ತಿ ಹಿಡಿದು ತೋರಿಸಿದ್ದಳು. ಸಿಗ್ನಲ್ ಹೋಗಿ ಮಗು ಬಾಯಿ ತೆರೆದಂತೆಯೇ ನಿಂತುಬಿಟ್ಟಿತ್ತು. ಮಾರ್ಲಿಸ್ ಆ ನಿಂತ ಚಿತ್ರಕ್ಕೇ ಲಾಲಿ ಹೇಳತೊಡಗಿದಾಗ ವೆಂಡೆಲ್ ಮೇಲೆ ಹೋಗಿ ಹಗ್ಗ ಸುತ್ತಿದ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. ಇವತ್ತು ಬೆಳಗ್ಗೆಯೂ ಅವಳು ಆಲೂಗಡ್ಡೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಹೊರಗೆ ನೋಡುವಂಥದ್ದು ಏನಿತ್ತು? ಎಕ್ಸೂಮಾ ದ್ವೀಪದ ಹಸಿರು ನೀರು, ನಲವತ್ತು ದೋಣಿ, ನಲವತ್ತು ಕೂವೆಕಂಬ. ನಾಲ್ಕು ಚಳಿಗಾಲದಿಂದ ಅದೇ ನೀರು, ಅದೇ ದೋಣಿಗಳು.

ಆ ಬಂದರಿಗೆ ದೋಣಿಯವರೇ ಇಟ್ಟ ಹೆಸರು ಪುಕ್ಕಲರ ಬಂದರು. ದಕ್ಷಿಣದಲ್ಲಿ ದೂರದ ಗ್ರೆನಡಾದಂಥ ದ್ವೀಪಗಳಿಗೆ ಹೋಗಿಯೇ ಸಿದ್ಧ ಎಂದು ಉತ್ತರದಿಂದ ಹೊರಟವರು ಇಲ್ಲಿ ಒಳ್ಳೆಯ ಗಾಳಿಗಾಗಿ ಹತ್ತು ದಿನ ಕಾಯೋಣವೆಂದು ಲಂಗರು ಹಾಕುತ್ತಾರೆ. ಇದರಾಚೆಗೆ ತೆರೆದ ಸಾಗರ. ಹತ್ತು ದಿನ ತಿಂಗಳಾಗುತ್ತದೆ, ತಿಂಗಳು ಚಳಿಗಾಲವಾಗುತ್ತದೆ, ಆಮೇಲೆ ಬಾಯಿಮುಚ್ಚಿಕೊಂಡು ಬಂದ ದಾರಿಯಲ್ಲೇ ವಾಪಸಾಗುತ್ತಾರೆ. ಹೊಸಬರಿಗೆ ಈ ಹೆಸರಿನ ಕಥೆಯನ್ನು ಹೊಟ್ಟೆ ಹಿಡಿದು ನಗಿಸುವಂತೆ ಹೇಳುವವನು ವೆಂಡೆಲ್‌ನೇ. ಹೇಳಿದ ಮೇಲೆ 'ನಾವು ಮುಂದಿನ ಒಳ್ಳೆ ಗಾಳಿಗೆ ಗ್ರೆನಡಾಕ್ಕೆ' ಎಂದೂ ಸೇರಿಸುತ್ತಿದ್ದ. ಅವನ ಲಂಗರಿನ ಸರಪಳಿಯಲ್ಲಿ ಮೊಳದುದ್ದ ಪಾಚಿ ಬೆಳೆದಿತ್ತು. ದೋಣಿಯ ನೆರಳಿನಲ್ಲಿ ಒಂದು ಮೀನಿನ ಸಂಸಾರ ಎರಡನೆಯ ತಲೆಮಾರನ್ನು ಕಂಡಿತ್ತು. ದೋಣಿಯ ಹೆಸರು 'ಟ್ರ್ಯಾಂಕ್ವಿಲಿಟಿ', ಅಂದರೆ ಪ್ರಶಾಂತಿ. ಆ ಬಂದರಿನಲ್ಲಿ ಇನ್ನೂ ಎರಡು ಪ್ರಶಾಂತಿಗಳಿದ್ದವು. ಒಂದರಲ್ಲಿ ಗಂಡಹೆಂಡಿರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಹಾಗಾಗಿ ಜನ ಇವನ ದೋಣಿಯನ್ನು ಹವಾಮಾನದ ಟ್ರ್ಯಾಂಕ್ವಿಲಿಟಿ ಎಂದು ಗುರುತಿಸುತ್ತಿದ್ದರು. ಯಾಕೆಂದರೆ ಬೆಳಗಿನ ಎಂಟು ಗಂಟೆಗೆ, ಡಾಟಿ ಎಂಬ ಗಟ್ಟಿಗಿತ್ತಿ ತನ್ನ ದೋಣಿಯಿಂದ ರೇಡಿಯೋದಲ್ಲಿ ಎಲ್ಲರ ಹಾಜರಿ ಕರೆದ ಮೇಲೆ, ಹವಾಮಾನ ಓದುವವನು ವೆಂಡೆಲ್. ಇಪ್ಪತ್ತೆರಡು ವರ್ಷ ಅವನು ಶಾಲೆಯ ಉಪಪ್ರಾಂಶುಪಾಲನಾಗಿ ಬೆಳಗಿನ ಪ್ರಕಟಣೆಗಳನ್ನು ಓದಿದ್ದ. ಒಂಬೈನೂರು ಮಕ್ಕಳಲ್ಲಿ ಒಬ್ಬರೂ ಕಿವಿಗೊಟ್ಟಿರಲಿಲ್ಲ. ಇಲ್ಲಿ ನಲವತ್ತು ದೋಣಿಗಳಲ್ಲಿ ಬೊಕ್ಕತಲೆಯ ಗಂಡಸರು ಪೆನ್ನು ಹಿಡಿದು ಅವನ ಮಾತನ್ನು ಬರೆದುಕೊಳ್ಳುತ್ತಿದ್ದರು. ಅವನು ಬೇಡವೆಂದ ದಿನ ಯಾರೂ ಲಂಗರು ಎತ್ತುತ್ತಿರಲಿಲ್ಲ. ಅವನು ಬೇಡವೆನ್ನುವ ದಿನಗಳೇ ಹೆಚ್ಚಾಗಿದ್ದವು.

ಮೈಕಿನ ಶಿಸ್ತಿನ ಬಗ್ಗೆ ಅವನದು ಶಾಲೆಯ ಕಾಲದ ಕಟ್ಟುನಿಟ್ಟು. ಒಂದು ದೋಣಿಯ ಮೈಕಿನ ಗುಂಡಿ ಅಕಸ್ಮಾತ್ ಒತ್ತಿಕೊಂಡರೆ ಆ ದೋಣಿಯ ಮಾತು ಬಂದರಿಗೆಲ್ಲ ಕೇಳುತ್ತದೆ, ಬೇರೆಯವರು ಯಾರೂ ಬಾಯಿ ಹಾಕಿ ಎಚ್ಚರಿಸುವ ಹಾಗಿಲ್ಲ, ದಾರಿ ಕಟ್ಟಿಹೋಗಿರುತ್ತದೆ. ಹೋದ ತಿಂಗಳು ಒಬ್ಬ ಜರ್ಮನ್ ಮುದುಕನ ಗೊರಕೆಯನ್ನು ಊರೆಲ್ಲ ಮುಕ್ಕಾಲು ಗಂಟೆ ಕೇಳಿತ್ತು. ವೆಂಡೆಲ್ ಅದರ ಮೇಲೆ ಎರಡು ಬೆಳಗಿನ ಉಪನ್ಯಾಸ ಕೊಟ್ಟಿದ್ದ: ಮಾತು ಮುಗಿದ ಮೇಲೆ ಮೈಕು ಕೊಕ್ಕೆಗೆ ಹೋಗಬೇಕು, ಸೋಫಾದ ಮೇಲಲ್ಲ. ಇವತ್ತು ಹವಾಮಾನ ಮುಗಿಸುವಷ್ಟರಲ್ಲಿ ಪಕ್ಕದ ಹಾಯಿದೋಣಿಯ ಗಾರ್ಡಿ ತನ್ನ ರಬ್ಬರ್ ದೋಣಿಯಲ್ಲಿ ಬಂದು, ದಂಡೆಯ ಮೇಲೆ ಊಟದ ಹಲಗೆಗಳನ್ನು ಜೋಡಿಸಲು ಕೈ ಸಾಲದೆಂದು ಕೂಗಿದ. ಮಾರ್ಲಿಸ್ ಅದೇ ಹೊತ್ತಿಗೆ 'ವೆಂಡೆಲ್, ಒಂದ್ನಿಮಿಷ' ಎಂದಳು. ವೆಂಡೆಲ್ ಮೈಕನ್ನು ಸೋಫಾದ ಮೇಲೆ ಎಸೆದು, ಏಣಿ ಹತ್ತಿ ಓಡಿದ.

ದಂಡೆಯ ಬಿಳಿ ಮರಳಿನಲ್ಲಿ ಗಂಡಸರು ಸಂಭ್ರಮದಲ್ಲಿದ್ದರು. ಟರ್ಕಿ ಕೋಳಿ ಯಾವ ದೋಣಿಯ ಒಲೆಯೊಳಗೂ ಹಿಡಿಸದು. ಗಾರ್ಡಿ ಅದನ್ನು ಹಲಗೆ ಕೊಯ್ಯುವ ಗರಗಸದಿಂದ ಎರಡು ಹೋಳು ಮಾಡಿ ಕೆಂಡದ ಮೇಲೆ ಹಾಕಿದ್ದ. ಕೋಳಿಯ ಎದೆಗೆ ಒಂದಿಷ್ಟು ಮರದ ಪುಡಿ ಮೆತ್ತಿಕೊಂಡಿದ್ದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಮನೆಯಲ್ಲಿ ಒಂದು ಲೋಟ ಎತ್ತಿಡದ ಈ ಗಂಡಸರು ಇಲ್ಲಿ ಕ್ಯಾಪ್ಟನ್ನುಗಳು. ಪ್ರತಿಯೊಬ್ಬನ ಸೊಂಟದಲ್ಲೂ ಒಂದು ಪುಟ್ಟ ರೇಡಿಯೋ. ಅವು ಒಟ್ಟಿಗೇ ಗರಗರ ಎಂದು, ಸಿಪ್ಪೆ ಹೆರೆಯುವ ಸದ್ದು ಬಂದು, ಒಬ್ಬ ಹೆಂಗಸಿನ ನಗು ಕೇಳಿಸಿತು. ಎಷ್ಟು ಹಗುರವಾದ ನಗು. ಯಾರ ಮನೆಯವಳೋ, ಗಂಡ ಪುಣ್ಯವಂತ ಎಂದು ವೆಂಡೆಲ್ ಹಲಗೆ ಹಿಡಿದುಕೊಂಡೇ ಅಂದುಕೊಂಡ. ಆಮೇಲೆ ಅವಳು 'ಅಲ್ಲ ಕಣೇ ವರ್ಲಾ' ಎಂದಳು. ವರ್ಲಾ ಮಾರ್ಲಿಸಳ ತಂಗಿ. ಅಕ್ಕತಂಗಿಯರು ಫೋನಿನಲ್ಲಿದ್ದರು, ಕೈಯಲ್ಲಿ ಕೆಲಸವಿದ್ದದ್ದರಿಂದ ಫೋನಿನ ದನಿಯನ್ನು ಜೋರು ಮಾಡಿಟ್ಟಿದ್ದಳೇನೋ, ಎರಡೂ ಕಡೆಯ ಮಾತು ಸ್ಪಷ್ಟವಾಗಿತ್ತು. ಆಲೂಗಡ್ಡೆಯ ಚೀಲ ಎಲ್ಲಿ ಕೂತಿದೆ ಎಂಬುದು ವೆಂಡೆಲ್‌ಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

'ಯಾರಾದ್ರೂ ಹೋಗಿ ಹೇಳ್ಬೇಕಪ್ಪ' ಎಂದು ಗಾರ್ಡಿ ಕೋಳಿಗೆ ಹೇಳಿದ.

'ನಾನೇ ಹೋಗ್ತೀನಿ' ಎಂದು ವೆಂಡೆಲ್ ತನ್ನ ರಬ್ಬರ್ ದೋಣಿಗೆ ಧಾವಿಸಿದ. ಮೋಟಾರಿನ ದಾರ ಎಳೆದ. ಅದು ಕೆಮ್ಮಿತು. ಇನ್ನೊಮ್ಮೆ ಎಳೆದ. ಹತ್ತು ಸಲ, ಹದಿನೈದು ಸಲ. ಬೆನ್ನ ಹಿಂದೆ ಹನ್ನೆರಡು ಸೊಂಟಗಳಿಂದ ಅವನ ಹೆಂಡತಿ ನಗುತ್ತಿದ್ದಳು. ಗಂಡಸರೆಲ್ಲ ಮರಳಿನಲ್ಲಿ ಏನೋ ಕಳೆದುಕೊಂಡವರಂತೆ ನೆಲ ನೋಡುತ್ತಿದ್ದರು. ಯಾರೂ ರೇಡಿಯೋ ಆರಿಸಲಿಲ್ಲ. ಕೊನೆಗೆ ಹುಟ್ಟು ಹಾಕುತ್ತಲೇ ಹೊರಟ. ಎದುರು ಗಾಳಿ, ಬೆಳಗ್ಗೆ ಅವನೇ ಇಲ್ಲವೆಂದು ಸಾರಿದ್ದ ಗಾಳಿ.

ಅರ್ಧ ಮೈಲಿ. ಹುಟ್ಟು ಹಾಕುವವನು ಹೋಗಬೇಕಾದ ಕಡೆಗೆ ಬೆನ್ನು ಮಾಡಿ ಕೂರಬೇಕು. ಬಿಟ್ಟುಬಂದ ಮುಖಗಳು ಮಾತ್ರ ಕಾಣುತ್ತಿರುತ್ತವೆ. ದಾರಿಯ ಎರಡೂ ಬದಿಗೆ ದೋಣಿಗಳು, ಪ್ರತಿಯೊಂದರ ಮೇಲೂ ಸ್ಪೀಕರು. ಒಂದು ದೋಣಿ ದಾಟುವಾಗ ಮಾರ್ಲಿಸ್ ವಾಕ್ಯ ಶುರುಮಾಡಿದರೆ ಮುಂದಿನ ದೋಣಿಯಲ್ಲಿ ಅದು ಮುಗಿಯುತ್ತಿತ್ತು. 'ಅವನಿಗೆ ಹೆದರಿಕೆ ಕಣೇ' ಎಂದು ಹಳದಿ ದೋಣಿ ಹೇಳಿತು. 'ಸಮುದ್ರ ಅಂದ್ರೆ ಹೆದರಿಕೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದಾನೆ' ಎಂದು ಅದರ ಪಕ್ಕದ್ದು. ಅದರ ಮೇಲಿದ್ದ ಹೆಂಗಸು ಒಣಗಿದ ಟವೆಲನ್ನು ಹಿಂಡುತ್ತಿದ್ದಳು. ಶಾಲೆಯ ನಾಟಕದಲ್ಲಿ ಒಬ್ಬ ಹುಡುಗ ಮಾತು ಮರೆತು ನಿಂತಾಗ ಇಡೀ ಸಭಾಂಗಣ ಹೀಗೆಯೇ ತಮ್ಮ ತಮ್ಮ ಮೊಣಕಾಲು ನೋಡಿಕೊಂಡಿತ್ತು. ಮಾರನೆಯ ದಿನ ವೆಂಡೆಲ್ ಪ್ರಕಟಣೆಯಲ್ಲಿ ಆ ಹುಡುಗನ ಹೆಸರು ಹೇಳಿ ಧೈರ್ಯ ತುಂಬಿದ್ದ. ಹುಡುಗ ಆ ವಾರವೆಲ್ಲ ಶಾಲೆಗೇ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಇವತ್ತು, ನಲವತ್ತು ದೋಣಿಗಳ ನಡುವೆ, ಹೊಳೆಯಿತು.

'ಮಾತು ಕೊಟ್ಟಿದಾನಲ್ಲ, ಸಾಕು ಅಂದ್ಬಿಡು' ಎಂದಳು ವರ್ಲಾ. 'ಮಾರ್ತಾನೋ ಇಲ್ವೋ ನೋಡೇಬಿಡೋಣ.'

'ಮಾರ್ತಾನೆ. ಅದರಲ್ಲಿ ಅನುಮಾನ ಇಲ್ಲ. ಅವನಲ್ಲಿ ಏನೇನಿದ್ರೂ ಮಾತಿಗೆ ತಪ್ಪೋ ಬುದ್ಧಿ ಮಾತ್ರ ಇಲ್ಲ. ಅದಕ್ಕೇ ನಾನು ಹೇಳ್ತಿಲ್ಲ. ಮಾರಿದ ಮೇಲೆ ಬೆಳಿಗ್ಗೆ ಎಂಟು ಗಂಟೆಗೆ ಅವನು ಯಾರಿಗೆ ಹವಾಮಾನ ಹೇಳ್ತಾನೆ ಹೇಳು? ನನಗೆ. ಈಗ ನಲವತ್ತು ಜನ ಹಂಚ್ಕೊಂಡು ಹೊರ್ತಾ ಇದಾರೆ.' ಸಿಪ್ಪೆ ಹೆರೆಯುವ ಸದ್ದು. 'ಪಾಪ ಅನ್ಸುತ್ತೆ ಕಣೇ. ನಾಯಿ ಬಾಯಲ್ಲಿ ಕಚ್ಕೊಂಡಿರೋ ಚಪ್ಪಲೀನ ಕಿತ್ಕೊಳ್ಳೋಕೆ ಮನಸ್ಸು ಬರಲ್ಲ ನೋಡು, ಹಾಗೆ.'

ಊರಿನ ಕಡೆಯಿಂದ ಬರುತ್ತಿದ್ದ ಬೇಸಿಲ್ ರೋಲ್ ತನ್ನ ಟ್ಯಾಕ್ಸಿ ದೋಣಿಯ ವೇಗ ತಗ್ಗಿಸಿ ಪಕ್ಕಕ್ಕೆ ಬಂದ. ಆ ಊರಿನವನೇ; ದಂಡೆಗೂ ಊರಿಗೂ ಜನರನ್ನು ಸಾಗಿಸುವುದು ಅವನ ಕಸುಬು. ಊರಿನಲ್ಲೂ ಬಟ್ಟೆ ಒಗೆಯುವ ಅಂಗಡಿಯಿಂದ ಬೇಕರಿಯವರೆಗೆ ಎಲ್ಲರ ಬಳಿಯೂ ರೇಡಿಯೋ ಇದೆ ಎಂಬುದು ವೆಂಡೆಲ್‌ಗೆ ಅವನ ಮುಖ ಕಂಡ ಮೇಲೆ ನೆನಪಾಯಿತು.

'ಎಳ್ಕಂಡು ಹೋಗ್ಲಾ ಕ್ಯಾಪ್ಟನ್?' ಎಂದ ಬೇಸಿಲ್. 'ಅಮ್ಮಾವ್ರು ಇನ್ನೂ ಈಗ ಶುರು ಮಾಡವ್ರೆ. ಹುಟ್ಟಾಕ್ಕಂಡು ಹೋದ್ರೆ ನೀವು ಮುಟ್ಟೋ ಹೊತ್ಗೆ ನಿಮ್ಮ ಮದುವೆ ದಿನದವರ್ಗೂ ಬಂದಿರ್ತಾರೆ.'

ಬೇಡ, ವ್ಯಾಯಾಮಕ್ಕೆ ಒಳ್ಳೆಯದು ಎಂದ ವೆಂಡೆಲ್. ಬೇಸಿಲ್ ಟೋಪಿ ಮುಟ್ಟಿ ಹೋದ. ಅವನ ದೋಣಿ ಎಬ್ಬಿಸಿದ ಅಲೆ ಇವನ ತೊಡೆ ನೆನೆಸಿತು. ವಿಚಿತ್ರವೆಂದರೆ ಆ ಹೊತ್ತಿಗೆ ವೆಂಡೆಲ್‌ನ ಮನಸ್ಸು ಅಷ್ಟು ರಾಶಿಯಲ್ಲಿ ಒಂದು ಕಾಳನ್ನು ಹೆಕ್ಕಿಕೊಂಡಿತ್ತು. ಮಾತಿಗೆ ತಪ್ಪೋ ಬುದ್ಧಿ ಇಲ್ಲ. ಹುಟ್ಟಿನ ಒಂದೊಂದು ಎಳೆತಕ್ಕೂ ಅದನ್ನೇ ಹೇಳಿಕೊಂಡ. ಉಳಿದದ್ದೆಲ್ಲ ಸುಳ್ಳೇ ಇರಲಿ, ನಿಜವೇ ಇರಲಿ, ಈ ಒಂದನ್ನಂತೂ ನಲವತ್ತು ದೋಣಿಯೂ ಇಡೀ ಊರೂ ಕೇಳಿಸಿಕೊಂಡಿತಲ್ಲ ಎಂದು ಅವನಿಗೆ, ನಾಚಿಕೆಯಾಗಬೇಕು, ಸಣ್ಣಗೆ ಹೆಮ್ಮೆಯೂ ಆಯಿತು.

ಅವನು ದೋಣಿ ಹತ್ತುವಾಗ ಫೋನು ಮುಗಿದಿತ್ತು. ಮಾರ್ಲಿಸ್ ಒದ್ದೆ ಪ್ಯಾಂಟು ನೋಡಿ 'ಏನಾಯ್ತು?' ಎಂದಳು. ಹೇಳಲು ಅದೇ ಸರಿಯಾದ ಹೊತ್ತು. ಹೇಳಿದ್ದರೆ ಇಬ್ಬರೂ ಒಂದು ಗಳಿಗೆ ನಾಚಿಕೆಯಿಂದ ಸತ್ತು, ಆಮೇಲೆ ನಕ್ಕುಬಿಡಬಹುದಿತ್ತೇನೋ. 'ಕುರ್ಚಿ ಮರೆತಿದ್ದೆ' ಎಂದ. ಅವಳು ಒಲೆಯ ಕಡೆ ತಿರುಗಿದಾಗ ಆಲೂಗಡ್ಡೆಯ ಚೀಲವನ್ನು ಮೆಲ್ಲಗೆ ಎತ್ತಿ, ಬೆಚ್ಚಗಾಗಿದ್ದ ಮೈಕನ್ನು ಕೊಕ್ಕೆಗೆ ಹಾಕಿದ. ಕಳ್ಳ ತಂದ ಒಡವೆಯನ್ನು ತಿರುಗಿ ಇಡುವಾಗ ಇಷ್ಟೇ ನಾಜೂಕಾಗಿರುತ್ತಾನೇನೋ.

ಮಧ್ಯಾಹ್ನ ಮಾರ್ಲಿಸ್ ಅರೆದ ಆಲೂಗಡ್ಡೆಯ ಬಟ್ಟಲು ಹಿಡಿದು ದಂಡೆಗೆ ಇಳಿದಾಗ ಎಲ್ಲರೂ ಒಟ್ಟಿಗೇ ಎದ್ದು ನಿಂತರು. ಒಬ್ಬ ಬಟ್ಟಲು ಇಸಿದುಕೊಂಡ, ಇನ್ನೊಬ್ಬ ನೆರಳಿನಲ್ಲಿ ಕುರ್ಚಿ ಹಾಕಿದ, ಮೂವರು ಹೆಂಗಸರು ಅವಳ ಭುಜ ಸವರಿದರು. ಮನೆಯಲ್ಲಿ ಸಾವಾದವರನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡರು. ಆಲೂಗಡ್ಡೆಯಂತೂ ಎಂಥ ಆಲೂಗಡ್ಡೆ! ಇಂಥದ್ದನ್ನು ಜೀವಮಾನದಲ್ಲಿ ತಿಂದಿಲ್ಲವೆಂದರು. ಗಾರ್ಡಿ ಮೂರು ಸಲ ಹಾಕಿಸಿಕೊಂಡ. ಊಟಕ್ಕೆ ಮೊದಲು ಡಾಟಿ ಎಲ್ಲರನ್ನೂ ವೃತ್ತವಾಗಿ ನಿಲ್ಲಿಸಿ ಕೈ ಕೈ ಹಿಡಿಸಿದ್ದಳು. ಯಾವುದಕ್ಕಾಗಿ ಕೃತಜ್ಞರು ಎಂದು ಒಬ್ಬೊಬ್ಬರೂ ಒಂದು ಮಾತು ಹೇಳುವುದು ಈ ಹಬ್ಬದ ಪದ್ಧತಿ. ಡಾಟಿ ತಾನು ಕಿವಿಯಿದ್ದೂ ಕೇಳಿಸಿಕೊಳ್ಳದ ಗೆಳೆಯರಿಗಾಗಿ ಎಂದಳು. ಹಲವರು ಕೆಮ್ಮಿದರು. ವೆಂಡೆಲ್‌ನ ಸರದಿ ಬಂತು. ಪ್ರತಿ ವರ್ಷ ಅವನು ಗಾಳಿಗೂ ನಕ್ಷತ್ರಗಳಿಗೂ ಸೇರಿಸಿ ಐದು ನಿಮಿಷ ಮಾತಾಡುತ್ತಿದ್ದ. ಇವತ್ತು 'ತಾಳ್ಮೆಯ ಹೆಂಡತಿಗೆ' ಎಂದಷ್ಟೇ ಹೇಳಿ ನಿಂತ. ಅವನ ಕೈಯೊಳಗೆ ಮಾರ್ಲಿಸಳ ಕೈ ಒಮ್ಮೆ ಬಿಗಿಯಾಯಿತು. ಅದು ಪ್ರೀತಿಯಲ್ಲ, ಅನುಮಾನ. ಮೂವತ್ತಾರು ವರ್ಷದ ಸಂಸಾರದಲ್ಲಿ ಅವನು ನಾಲ್ಕು ಜನರೆದುರು ಅವಳನ್ನು ಹೊಗಳಿದವನಲ್ಲ.

ಊಟವಾದ ಮೇಲೆ ಸೋಲೇನ್ ಎಂಬ ಕ್ವಿಬೆಕ್‌ನ ಹುಡುಗಿ, ಆರು ತಿಂಗಳ ಬಸುರಿ, ಮಾರ್ಲಿಸಳ ಪಕ್ಕದಲ್ಲಿ ಬಂದು ಕೂತಳು. ವೆಂಡೆಲ್ ಮೂರು ಮಾರು ದೂರದಲ್ಲಿ ತಟ್ಟೆಗಳನ್ನು ಮರಳಿನಿಂದ ಉಜ್ಜುತ್ತಿದ್ದ.

'ಕೇಳೋದು ತಪ್ಪು ಅಂತ ಗೊತ್ತು, ಆಂಟಿ' ಎಂದಳು ಸೋಲೇನ್. 'ನಮ್ಮ ದೋಣಿ ತುಂಬಾ ಚಿಕ್ಕದು, ಮಗು ಬಂದ್ಮೇಲೆ ಆಗಲ್ಲ. ನೀವು ಮಾರೋದಾದ್ರೆ ಮೊದ್ಲು ನಮಗೆ ಹೇಳ್ತೀರಾ?'

'ಮಾರ್ತೀವಿ ಅಂತ ಯಾರು ಹೇಳಿದ್ರಮ್ಮ?'

'ನೀವೇ. ಬೆಳಿಗ್ಗೆ, ರೇಡಿಯೋದಲ್ಲಿ.'

ಮಾರ್ಲಿಸ್ ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ಸಾಲಾಗಿ ನೋಡುತ್ತಾ ಬಂದಳು: ಗಾರ್ಡಿ, ಡಾಟಿ, ಭುಜ ಸವರಿದ ಮೂವರು, ಖಾಲಿಯಾದ ತನ್ನ ಬಟ್ಟಲು. ಕೊನೆಯಲ್ಲಿ ಗಂಡ. ವೆಂಡೆಲ್ ಆಗಲೇ ಹೊಳೆಯುತ್ತಿದ್ದ ತಟ್ಟೆಯನ್ನು ಇನ್ನೂ ಉಜ್ಜುತ್ತಿದ್ದ.

ವಾಪಸು ಬರುವಾಗ ಬಿಸಿಲು ಇನ್ನೂ ಇತ್ತು. ಮೋಟಾರು ಈಗ ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ಬಂದರಿನ ನಡುವೆ ಅವಳು ಅದನ್ನು ಆರಿಸು ಎಂದು ಕೈ ಮಾಡಿದಳು. ತಪ್ಪಿಸಿಕೊಂಡು ಇಳಿಯಲು ರಬ್ಬರ್ ದೋಣಿಗೆ ತಳವೂ ಇಲ್ಲ, ಹಲಗೆಯೂ ಇಲ್ಲ.

'ಎಷ್ಟು ಕೇಳಿಸ್ತು?'

'ಕೊನೇದು ಸ್ವಲ್ಪ. ಮೋಟಾರಿನ ಸದ್ದಲ್ಲಿ...'

'ನೀನು ಹುಟ್ಟು ಹಾಕ್ಕೊಂಡು ಬಂದೆ ಅಂತ ದಂಡೇಲಿ ಬೇಸಿಲ್ ಹೇಳ್ದ.'

ವೆಂಡೆಲ್ ನೀರು ನೋಡಿದ. 'ಎಲ್ಲಾ ಕೇಳಿಸ್ತು.'

'ಎಲ್ಲಾ ಕೇಳಿಸ್ಕೊಂಡು, ಕುರ್ಚಿ ಮರೆತಿದ್ದೆ ಅಂದೆ. ಆಮೇಲೆ ನನ್ನನ್ನ ಕರ್ಕೊಂಡು ಹೋಗಿ ಅವರ ಮಧ್ಯೆ ನಿಲ್ಲಿಸ್ದೆ. ನಾಲ್ಕು ವರ್ಷದಲ್ಲಿ ಒಬ್ರೂ ನನ್ನ ಆಲೂಗಡ್ಡೆ ಹೊಗಳಿರಲಿಲ್ಲ, ವೆಂಡೆಲ್. ಇವತ್ತು ಚೆನ್ನಾಗಿ ಮಾಡಿದೀನಿ ಅಂದ್ಕೊಂಡೆ ನಾನು. ನಂಬಿದ್ದೆ.' ಅವಳ ದನಿ ಏರಲಿಲ್ಲ. 'ಬೆಳಿಗ್ಗೆ ತನಕ ನಿನ್ನ ನೋಡಿದ್ರೆ ಪಾಪ ಅನ್ನಿಸ್ತಿತ್ತು. ಈಗ ಅದೂ ಇಲ್ಲ. ಸಾಕು.'

'ಏನು ಸಾಕು?'

'ಕೇಳಲ್ಲ ಅಂದಿದ್ದೆ ನೀನು.'

'ಯಾಕೆ ಅಂತ ಕೇಳಲ್ಲ ಅಂದಿದ್ದೆ. ಏನು ಅಂತ ಕೇಳ್ತಿದೀನಿ' ಎಂದ ವೆಂಡೆಲ್. ಶಾಲೆಯಲ್ಲಿ ತಡವಾಗಿ ಬಂದವರ ಚೀಟಿಯಲ್ಲಿ ತಪ್ಪು ಹುಡುಕುತ್ತಿದ್ದ ಅದೇ ದನಿ ತನ್ನ ಬಾಯಿಂದ ಬಂದದ್ದು ಅವನಿಗೂ ಕೇಳಿಸಿತು.

'ದೋಣಿ' ಎಂದಳು ಮಾರ್ಲಿಸ್. 'ಈ ದೋಣಿಯ ಬಾಳು ನನಗೆ ಸಾಕು. ಮನೆಗೆ ಹೋಗೋಣ. ನಾಳೆ ಬೆಳಿಗ್ಗೆ ರೇಡಿಯೋದಲ್ಲಿ ಹೇಳು, ಆ ಹುಡುಗಿ ತಗೋತಾಳೆ.' ಹೇಳಿ ಮುಗಿಸಿ ಅವಳು ಹಗುರಾದವಳಂತೆ ಬೆನ್ನು ನೇರ ಮಾಡಿ ಕೂತಳು. ಅವನು ಮಾರುತ್ತಾನೆಂಬುದರಲ್ಲಿ ಅವಳಿಗೆ ಆಗಲೂ ಅನುಮಾನವಿರಲಿಲ್ಲ. ಅದು ಅವಳ ಬೆನ್ನಿನಲ್ಲೇ ಕಾಣುತ್ತಿತ್ತು.

ಶುಕ್ರವಾರ ಬೆಳಗ್ಗೆ ಮಾರ್ಲಿಸ್ ಎಂಟಕ್ಕೆ ಮೊದಲೇ ತಲೆ ಬಾಚಿ, ಮೇಜು ಒರೆಸಿ, ಎದುರಿಗೆ ಕೂತಿದ್ದಳು. ವೆಂಡೆಲ್ ಮುನ್ಸೂಚನೆಯ ಹಾಳೆ ಹಿಡಿದಿದ್ದ. ಆರು ದಿನ ಆಗ್ನೇಯದ ಮಂದ ಗಾಳಿ, ಕಡಲು ಸಮತಟ್ಟು. ಉತ್ತರಕ್ಕೆ ಮನೆಯ ದಾರಿ ಹಿಡಿಯುವವರು ತೊಟ್ಟಿಲು ತೇಲಿಸಿಕೊಂಡು ಹೋಗಬಹುದು ಎಂದು ಅದರಲ್ಲಿತ್ತು. ನಲವತ್ತು ದೋಣಿಗಳು ಕಾಯುತ್ತಿದ್ದವು. ಅವನು ಗಂಟಲು ಸರಿಮಾಡಿಕೊಂಡು, ವಾಯವ್ಯದಲ್ಲಿ ಏನೋ ಕಟ್ಟುತ್ತಿರುವಂತಿದೆ, ದಕ್ಷಿಣಕ್ಕೆ ಹೋಗುವವರು ಈ ವಾರ ಬೇಡ, ಉತ್ತರಕ್ಕೆ ಹೋಗುವವರಂತೂ ಖಂಡಿತ ಬೇಡ ಎಂದು ಓದಿದ. ಓದುತ್ತಾ ಹೋದಂತೆ ಅದು ನಿಜವೇ ಅನ್ನಿಸತೊಡಗಿತು. ಕಿಟಕಿಯಾಚೆ ಕನ್ನಡಿಯಂತೆ ಬಿದ್ದಿದ್ದ ನೀರಿನ ಮೇಲೆ ಅವನಿಗೆ ಸಣ್ಣಗೆ ಅಲೆಯೂ ಕಂಡಿತು. ಆಮೇಲೆ ಡಾಟಿ, ಮಾರುವುದು ಕೊಳ್ಳುವುದು ಇದ್ದವರು ಹೇಳಿ ಎಂದಳು. ಬೇರೆ ದಿನ ಹಳೆ ಹಗ್ಗ, ಹಳೆ ಪಂಪು ಎಂದು ನಾಲ್ಕು ಜನ ಮುನ್ನುಗ್ಗುತ್ತಿದ್ದರು. ಇವತ್ತು ಯಾರೂ ಬಾಯಿ ತೆರೆಯಲಿಲ್ಲ. ದಾರಿ ಬಿಟ್ಟುಕೊಟ್ಟಿದ್ದರು. ಡಾಟಿ ಇನ್ನೊಮ್ಮೆ ಕೇಳಿದಳು. ಮಾರ್ಲಿಸ್ ಗಂಡನ ಮುಖ ನೋಡಲಿಲ್ಲ, ಮೈಕಿನ ಗುಂಡಿಯ ಮೇಲಿದ್ದ ಅವನ ಹೆಬ್ಬೆರಳನ್ನು ನೋಡುತ್ತಿದ್ದಳು. ಗಾಳಿ ತಿರುಗಲಿ, ಮಂಗಳವಾರದ ಮೇಲೆ ನೋಡೋಣ, ಅವಳೂ ಅಷ್ಟರಲ್ಲಿ ಇನ್ನೊಮ್ಮೆ ಯೋಚಿಸಬಹುದು, ಸಿಟ್ಟಿನಲ್ಲಿ ಆಡಿದ ಮಾತನ್ನು ಲೆಕ್ಕಕ್ಕೆ ಹಿಡಿಯುವುದು ಅವಳಿಗೇ ಅನ್ಯಾಯವಲ್ಲವೇ ಎಂದೆಲ್ಲ ಅವನ ತಲೆಯೊಳಗಿನ ಉಪಪ್ರಾಂಶುಪಾಲ ಒಂದೇ ಸಮನೆ ಪ್ರಕಟಣೆ ಓದುತ್ತಿದ್ದ. ಡಾಟಿ ಮೂರನೆಯ ಸಲ ಕೇಳಿ, ಸ್ವಲ್ಪ ಕಾದು, ಎಲ್ಲರಿಗೂ ಒಳ್ಳೆಯ ದಿನವಾಗಲಿ ಎಂದು ಮುಗಿಸಿದಳು.

ವೆಂಡೆಲ್ ದೋಣಿಯನ್ನು ಮಾರಾಟಕ್ಕಿಡಲಿಲ್ಲ. ಹೆಂಡತಿಗೆ ಕೊಟ್ಟ ಮಾತಿಗೆ ತಪ್ಪಿದ.